ಆಲ್ಬಮ್ಮಿನಲ್ಲಿ ಇಲ್ಲದ ಬೀಗಿತ್ತಿಯ ಉತ್ತರ

ಮೊದಲು ಆದ ಅನ್ಯಾಯವನ್ನು ಹೇಳಿಬಿಡುತ್ತೇನೆ. ದೆಹಲಿಯ ಜನಕಪುರಿಯ ಒಂದು ಮನೆಯ ನೆಲಮಾಳಿಗೆಯಲ್ಲಿ ಮೂವರು ಯುವಕರು ಸೇರಿ ಕನ್ನಡದಲ್ಲಿ ಒಂದು ರ‍್ಯಾಪ್-ರಾಕ್ ಆಲ್ಬಮ್ ಮಾಡಿದರು. ಅದರ ಒಂದು ಹಾಡಿಗಾಗಿ ನನ್ನಿಂದ ಬೀಗರ ಹಾಡು ಹಾಡಿಸಿಕೊಂಡರು; ನನ್ನ ಮಗಳ ಅತ್ತೆಯಿಂದ ಅದಕ್ಕೆ ಉತ್ತರ ಹಾಡಿಸಿಕೊಂಡರು. ಆಮೇಲೆ ನಾನು ಹಂಗಿಸಿದ್ದನ್ನು ಉಳಿಸಿಕೊಂಡು, ಆಕೆ ಕೊಟ್ಟ ಉತ್ತರವನ್ನು ಕತ್ತರಿಸಿ ಹಾಕಿದರು. ನಮ್ಮಿಬ್ಬರಲ್ಲಿ ಒಬ್ಬರಿಗೂ ತಿಳಿಸಲಿಲ್ಲ. ಅಂದಿನಿಂದ ನನ್ನ ಬೀಗಿತ್ತಿ ನನ್ನೊಂದಿಗೆ ಬಹಳ ಮರ್ಯಾದೆಯಿಂದ ಮಾತನಾಡುತ್ತಿದ್ದಾರೆ. ಬೀಗರ ನಡುವೆ ಮರ್ಯಾದೆ ಹೆಚ್ಚಾದರೆ ಅದರ ಅರ್ಥವೇನೆಂದು ಮಗಳನ್ನು ಕೊಟ್ಟವರಿಗೆ ವಿವರಿಸಬೇಕಾಗಿಲ್ಲ.

ಇದು ಸಣ್ಣ ವಿಷಯ ಎಂದು ನನ್ನ ಯಜಮಾನರು ಹೇಳುತ್ತಾರೆ. ನಾನು ಕೇಂದ್ರ ಸರ್ಕಾರದ ಒಂದು ಸಚಿವಾಲಯದಲ್ಲಿ ಸೆಕ್ಷನ್ ಆಫೀಸರ್ ಆಗಿ ನಿವೃತ್ತಳಾದವಳು. ಸಣ್ಣ ವಿಷಯಕ್ಕೆ ಕಡತ ಸಣ್ಣದಿರಬಹುದು, ಕಡತವೇ ಇಲ್ಲ ಎಂದಾಗುವುದಿಲ್ಲ.

ಬೀಗರ ಹಾಡೆಂದರೆ ಮದುವೆಮನೆಯಲ್ಲಿ ಹೆಣ್ಣಿನ ಕಡೆಯ ಹೆಂಗಸರು ಗಂಡಿನ ಕಡೆಯವರನ್ನು ಎದುರಿಗೆ ಕೂರಿಸಿಕೊಂಡು ಹಾಡಿನಲ್ಲಿ ಹಂಗಿಸುವುದು, ಅವರು ಹಾಡಿನಲ್ಲೇ ತಿರುಗಿ ಹಂಗಿಸುವುದು. ಬೀಗರ ಹೊಟ್ಟೆ, ಬೀಗಿತ್ತಿಯ ನಡಿಗೆ, ಅವರ ಅಡುಗೆ, ಜಿಪುಣತನ, ಯಾವುದಕ್ಕೂ ವಿನಾಯಿತಿ ಇಲ್ಲ. ಆದರೆ ಕಟ್ಟಳೆಗಳಿವೆ. ಹಂಗಿಸಿಕೊಳ್ಳುವವರು ಎದುರಿಗಿರಬೇಕು, ಬೆನ್ನ ಹಿಂದೆ ಹಾಡಿದರೆ ಅದು ಹಾಡಲ್ಲ, ಚಾಡಿ. ಅವರ ಉತ್ತರವನ್ನು ಕೂತು ಕೇಳಬೇಕು; ಕೇಳದೆ ಎದ್ದುಹೋದರೆ ಜಗಳ. ಕೊನೆಗೆ ಎರಡೂ ಕಡೆಯವರು ಸೇರಿ ಹರಸುವ ನುಡಿಯೊಂದನ್ನು ಹಾಡಬೇಕು; ಹಾಡದಿದ್ದರೆ ಅಂದ ಮಾತುಗಳೆಲ್ಲ ಅಂದ ಹಾಗೆಯೇ ನಿಂತುಬಿಡುತ್ತವೆ.

ನಾವು ಹಾಸನದ ಕಡೆಯವರು, ದೆಹಲಿಯ ದ್ವಾರಕಾದ ಒಂದು ಹೌಸಿಂಗ್ ಸೊಸೈಟಿಯಲ್ಲಿದ್ದೇವೆ. ಮಗಳನ್ನು ಕೊಟ್ಟದ್ದು ಇಂದಿರಾಪುರಂನಲ್ಲಿ ನೆಲೆಸಿದ ಧಾರವಾಡದ ಕಡೆಯವರಿಗೆ. ನನ್ನ ಬೀಗಿತ್ತಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವರು. ಮದುವೆಯಲ್ಲಿ ನಾನು ಹಾಡಿದಾಗ ದೆಹಲಿಯಲ್ಲಿ ಬೆಳೆದ ಹುಡುಗಿಯರೆಲ್ಲ ಗಾಬರಿಯಾಗಿ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಈಕೆ ಮಾತ್ರ ಸೆರಗು ಸಿಕ್ಕಿಸಿಕೊಂಡು, ಗಂಟಲು ಸರಿಮಾಡಿಕೊಂಡು, ನಮ್ಮ ಕಡೆಯ ಸಾರು ಎಷ್ಟು ತೆಳುವೆಂದರೆ ಅದರಲ್ಲಿ ಬೀಗರು ಮುಖ ನೋಡಿಕೊಂಡು ತಲೆ ಬಾಚಿಕೊಳ್ಳುತ್ತಾರೆ ಎಂದು ಅಲ್ಲೇ ಕಟ್ಟಿ ಹಾಡಿದರು. ಆ ಕ್ಷಣದಿಂದ ನಮ್ಮ ಸ್ನೇಹ. ಎರಡು ಮನೆಗಳ ನಡುವೆ ಇಡೀ ದೆಹಲಿ ಬಿದ್ದಿದ್ದರೂ, ಮೆಟ್ರೋದಲ್ಲಿ ಒಂದು ತುದಿಯಿಂದ ಹತ್ತಿ, ಯಮುನೆ ದಾಟಿ, ಅಲ್ಲಿಂದ ಆಟೋ ಹಿಡಿದು ನಾವು ಹೋಗಿ ಬಂದು ಮಾಡುತ್ತಿದ್ದೆವು. ಫೋನ್ ಎತ್ತಿದರೆ ಅವರ ಮೊದಲ ಮಾತು, "ಏನವಾ ಸರ್ಕಾರಿ ಬೀಗಿತ್ತಿ, ಇವತ್ತರೆ ಸಾರಿಗೆ ಬ್ಯಾಳಿ ಹಾಕೀಯೋ ಇಲ್ಲೋ?" ಇಂಥ ಮಾತನ್ನು ಬೇರೆ ಯಾರು ಆಡಿದ್ದರೂ ನಾನು ಕ್ಷಮಿಸುತ್ತಿರಲಿಲ್ಲ. ಅವರ ಬಾಯಿಂದ ಕೇಳದಿದ್ದ ದಿನ ನಾನೇ ಫೋನ್ ಮಾಡುತ್ತಿದ್ದೆ.

ಇಲ್ಲಿಯ ಕನ್ನಡಿಗರ ಒಂದು ಸಮಾರಂಭದಲ್ಲಿ ನಾವಿಬ್ಬರೂ ವೇದಿಕೆಯ ಮೇಲೆ ಎದುರುಬದುರು ಕೂತು ಬೀಗರ ಹಾಡು ಹಾಡಿದೆವು. ಅದನ್ನು ನೋಡಿದವರಲ್ಲಿ ನನ್ನ ಹಳೆಯ ಸಹೋದ್ಯೋಗಿಯೊಬ್ಬರ ಮಗನೂ ಇದ್ದ. ಆ ಆಲ್ಬಮ್ಮಿನಲ್ಲಿ ರ‍್ಯಾಪ್ ಮಾಡಿದವನು ಅವನೇ. ಅವನು ನಮ್ಮಿಬ್ಬರನ್ನೂ ನೋಡಿದ್ದ, ಇಬ್ಬರನ್ನೂ ಕೇಳಿದ್ದ ಎಂಬುದನ್ನು ಓದುವವರು ನೆನಪಿನಲ್ಲಿಡಬೇಕು.

ಒಂದು ಭಾನುವಾರ ಅವನು ಗಿಟಾರ್ ನುಡಿಸುವ ಸ್ನೇಹಿತನೊಂದಿಗೆ ದ್ವಾರಕಾಕ್ಕೆ ಬಂದ. ಹುಟ್ಟಿ ಬೆಳೆದದ್ದು ದೆಹಲಿಯಲ್ಲಾದ್ದರಿಂದ ಅವನಿಗೆ ಕನ್ನಡ ಅರ್ಥವಾಗುವಷ್ಟು ಆಡಲು ಬರುವುದಿಲ್ಲ.

"ಆಂಟಿ, ನೀವು ಅವತ್ತು ಹಾಡಿದ್ದು, ವೋ ತೋ ಪೂರಾ ರ‍್ಯಾಪ್ ಥಾ. ಸೀರಿಯಸ್ಲಿ," ಎಂದ.

"ಅದು ಬೀಗರ ಹಾಡು ಕಣಪ್ಪ."

"ಅದೇ ಆಂಟಿ, ಬ್ಯಾಟಲ್. ನೀವು ಒಂದು ಹೊಡೆದ್ರಿ, ಆ ಆಂಟಿ ಒಂದು ಹೊಡೆದ್ರು. ನಮ್ಮ ಆಲ್ಬಮ್‌ಗೆ ಅದು ಬೇಕು."

ನನ್ನ ಯಜಮಾನರು ಪತ್ರಿಕೆಯ ಹಿಂದಿನಿಂದ, "ಮನೇಲಿ ನಾನೊಬ್ಬ ಕೇಳಿದ್ದು ಸಾಲದೇನೋ, ರೆಕಾರ್ಡ್ ಬೇರೆ ಮಾಡಿ ಊರಿಗೆಲ್ಲ ಹಂಚ್ತೀರಾ?" ಎಂದರು.

ರ‍್ಯಾಪೂ ರಾಕೂ ಸೇರಿದ ಕನ್ನಡ ಆಲ್ಬಮ್ ಆಗ ಹೊಸ ಸಂಗತಿಯಾಗಿತ್ತು. ದೆಹಲಿಯಲ್ಲಂತೂ ತಾವೇ ಮೊದಲಿಗರೆಂದು ಆ ಯುವಕರು ಹೇಳಿಕೊಂಡರು. ಅಲ್ಲವೆನ್ನಲು ನನ್ನ ಬಳಿ ಆಧಾರವಿಲ್ಲ. ಉಳಿದ ಹಾಡುಗಳು ಬಾಡಿಗೆ ಮನೆಯ ಬಗ್ಗೆ, ನೀರಿನ ಟ್ಯಾಂಕರಿನ ಬಗ್ಗೆ, ರಸ್ತೆಯಲ್ಲಿ ಸಿಕ್ಕಿಬಿದ್ದ ಕ್ಯಾಬಿನ ಬಗ್ಗೆ ಇದ್ದವು. ಅವನು ಒಂದೆರಡನ್ನು ನಮ್ಮ ಊಟದ ಮೇಜನ್ನೇ ಬಡಿದು ಹಾಡಿ ತೋರಿಸಿದ. ವ್ಯಾಕರಣ ಅರ್ಧ ಸತ್ತಿತ್ತು, ಲಯ ಮಾತ್ರ ಜೀವಂತವಾಗಿತ್ತು. ಇದನ್ನು ಒಪ್ಪಿಕೊಳ್ಳುವುದರಲ್ಲಿ ನನಗೆ ಸಂಕೋಚವಿಲ್ಲ. ಇವರಿಗೆ ಬರುವುದಿಲ್ಲ ಎಂಬುದು ನನ್ನ ದೂರಲ್ಲ.

ಚಹಾ ಕೊಟ್ಟು ನಾನು ನನ್ನ ಷರತ್ತುಗಳನ್ನು ಹೇಳಿದೆ. ನಾನು ಹಾಡುವಾಗ ಬೀಗಿತ್ತಿ ಎದುರಿಗೆ ಕೂತಿರಬೇಕು. ಅವರ ಉತ್ತರ ನನ್ನ ಹಾಡಿನಷ್ಟೇ ಇರಬೇಕು. ಹರಸುವ ನುಡಿ ಕೊನೆಯಲ್ಲಿ ಬರಲೇಬೇಕು. ಒಂದೊಂದಕ್ಕೂ ಇಬ್ಬರೂ ತಲೆಯಾಡಿಸಿದರು. "ಪಕ್ಕಾ ಆಂಟಿ," ಎಂದ ರ‍್ಯಾಪಿನವನು. ಗಿಟಾರಿನವನು ಮಂಗಳೂರಿನವನು, ಬಾಳೆಕಾಯಿ ಬೋಂಡಾವನ್ನು ಚಟ್ನಿಯಲ್ಲಿ ಅದ್ದುತ್ತ, "ಆಯ್ತು ಆಂಟಿ, ನೀವು ಹೇಳಿದ ಹಾಗೇ ಮಾಡುವ," ಎಂದ. ಬೋಂಡಾ ತಟ್ಟೆ ಖಾಲಿಯಾಗುವವರೆಗೂ ಅವರ ಒಪ್ಪಿಗೆ ಸಂಪೂರ್ಣವಾಗಿತ್ತು.

ರೆಕಾರ್ಡಿಂಗ್ ನಡೆದದ್ದು ಬೇಸಿಗೆಯ ಒಂದು ಬೆಳಗ್ಗೆ. ನೆಲಮಾಳಿಗೆಯ ಗೋಡೆಗಳಿಗೆಲ್ಲ ಹಳೆಯ ರಜಾಯಿಗಳನ್ನು ಹೊಡೆದಿದ್ದರು, ಹೊರಗಿನ ಸದ್ದು ಒಳಗೆ ಬಾರದಿರಲೆಂದು. ಚಳಿಗಾಲದಲ್ಲಿ ಹೊದೆಯುವ ದಪ್ಪ ಹತ್ತಿಯ ರಜಾಯಿಗಳು, ಹೊರಗೆ ಬಿಸಿಗಾಳಿ. ಕೂಲರಿನ ಸದ್ದು ಮೈಕಿಗೆ ಹೋಗುತ್ತದೆಂದು ಅದನ್ನೂ ಆರಿಸಿದರು, ಫ್ಯಾನನ್ನೂ ಆರಿಸಿದರು. ಇಬ್ಬರು ಹಿರಿಯ ಹೆಂಗಸರು ಬರುತ್ತಾರೆಂದು ಗೊತ್ತಿದ್ದೂ ಇಟ್ಟದ್ದು ಒಂದೇ ಕುರ್ಚಿ. ಬೀಗಿತ್ತಿ ಡ್ರಮ್ಮಿನವನ ಸ್ಟೂಲನ್ನು ಎಳೆದುಕೊಂಡು ಕೂತರು. ಅವನು ಪಾಪ, ಮಾತಿಲ್ಲದ ಹುಡುಗ, ತನ್ನದೇ ಪೆಟ್ಟಿಗೆಯೊಂದರ ಮೇಲೆ ಕೂತ. ಅಂದು ನಮ್ಮನ್ನು "ಸೋ ಕ್ಯೂಟ್" ಎಂದು ಕರೆದವನು ರ‍್ಯಾಪಿನವನು. ಸಂಸತ್ತಿನ ಪ್ರಶ್ನೆಗಳಿಗೆ ಉತ್ತರದ ಕರಡು ಬರೆದು ಕೂದಲು ಹಣ್ಣಾದವಳನ್ನು ಅದಕ್ಕೆ ಮೊದಲು ಯಾರೂ ಹಾಗೆ ಕರೆದಿರಲಿಲ್ಲ.

ಮೊದಲ ತೊಡಕು ಕ್ಲಿಕ್ಕಿನದು. ಕಿವಿಗೆ ಹಾಕಿಕೊಂಡ ಹೆಡ್‌ಫೋನಿನಲ್ಲಿ ಗಡಿಯಾರದಂತೆ ಟಕ್ ಟಕ್ ಎಂದು ಬರುತ್ತಿರುತ್ತದೆ. ಅದಕ್ಕೆ ಸರಿಯಾಗಿ ಹಾಡಬೇಕು, ಇಲ್ಲವಾದರೆ ಡ್ರಮ್ಮೂ ಗಿಟಾರೂ ಕೂಡುವುದಿಲ್ಲ. ಆದರೆ ಬೀಗರ ಹಾಡಿನಲ್ಲಿ ಪ್ರತಿ ನುಡಿಯ ಕೊನೆಗೆ ನಗುವಿಗೆ ಜಾಗ ಬಿಡಬೇಕು. ಕೇಳಿದವರು ನಕ್ಕು ಮುಗಿಸುವವರೆಗೆ ಹಾಡುವವರು ಮುಂದಿನ ನುಡಿ ಎತ್ತುವಂತಿಲ್ಲ; ಎಷ್ಟು ನಗುತ್ತಾರೋ ಅಷ್ಟು ಜಾಗ. ಟಕ್ ಟಕ್ ಎನ್ನುವುದು ಯಾರ ನಗುವಿಗೂ ಕಾಯುವುದಿಲ್ಲ. ನಾನು ಮತ್ತೆ ಮತ್ತೆ ತಪ್ಪಿದೆ. ಗಿಟಾರಿನವನು ಕಂಪ್ಯೂಟರಿನ ಮುಂದೆ ಕೂತು ಮತ್ತೆ ಮತ್ತೆ, "ಇನ್ನೊಂದು ಸಲ ಆಂಟಿ," ಎಂದ.

ಬೀಗಿತ್ತಿ ಇನ್ನೊಂದು ಹೆಡ್‌ಫೋನನ್ನು ಕೇಳಿ ಹಾಕಿಕೊಂಡು ಸ್ವಲ್ಪ ಹೊತ್ತು ಕಣ್ಣು ಮುಚ್ಚಿ ಕೂತರು. ಆಮೇಲೆ ನನಗೆ, "ಇಕಾ ನೋಡ್ರಿ, ನಾ ಲೆಕ್ಕ ಹಾಕೀನಿ. ನಿಮ್ಮ ನುಡಿ ಮುಗೀತೋ ಇಲ್ಲೋ, ನಾ ಎಂಟು ಟಕ್ಕು ನಗ್ತೀನಿ. ನಾ ನಗೂದು ಬಿಟ್ಟ ಕೂಡಲೇ ನೀವು ಎತ್ರಿ," ಎಂದರು.

"ಆಂಟಿ, ನೀವು ನಗಬಾರದು ಮಾರಾಯ್ರೆ, ಮೈಕಿಗೆ ಹೋಗ್ತದೆ," ಎಂದ ಗಿಟಾರಿನವನು.

"ಬೈಸಿಕೊಳ್ಳಾಕಂತ ಇಂದಿರಾಪುರಂದಿಂದ ಬಂದೀನೋ ಹುಡುಗಾ. ನಗೂದೂ ಬ್ಯಾಡಂದ್ರ ಹ್ಯಾಂಗ? ಅಳಲೇನು?"

ನಾನು ಹಾಡಿದ್ದು ಇದನ್ನು:

ಲೆಕ್ಕದ ಟೀಚರು ಲೆಕ್ಕ ಹಾಕಿ ಬಡಿಸ್ಯಾಳೆ,
ಉಂಬವರು ಎಂಟಾದ್ರೆ ಹೋಳಿಗೆ ಏಳೆ!
ಭಾಗಾಕಾರ ಮಾಡಿ ಬಾಯಿಗೊಂದು ಚೂರಿಟ್ಟು
ಶೇಷ ಉಳಿದದ್ದೆಲ್ಲ ತಾನುಂಡಾಳೆ!

ಅವರು ನಕ್ಕರು, ಲೆಕ್ಕಕ್ಕೆ ಸರಿಯಾಗಿ. ಮುಂದೆ ಅವರ ಎತ್ತರದ ಫ್ಲ್ಯಾಟನ್ನು, ಕೆಟ್ಟು ನಿಲ್ಲುವ ಲಿಫ್ಟನ್ನು, ಅವರು ರೊಟ್ಟಿ ಬಡಿಯುವ ಸದ್ದಿಗೆ ಕೆಳಮನೆಯವರು ಭೂಕಂಪವೆಂದು ಮಕ್ಕಳನ್ನೆತ್ತಿಕೊಂಡು ಪಾರ್ಕಿಗೆ ಓಡಿದ್ದನ್ನು ಹಾಡಿದೆ. ಪ್ರತಿ ನುಡಿಗೂ ಅವರು ನಕ್ಕರು. ನನ್ನ ಹಾಡು ಕ್ಲಿಕ್ಕಿನ ಮೇಲೆ ನಿಂತದ್ದು ಅವರ ನಗುವಿನಿಂದ. ಆಲ್ಬಮ್ಮಿನಲ್ಲಿ ನನ್ನ ಧ್ವನಿಯ "ಟೈಮಿಂಗ್" ಎಂದು ಕೇಳುಗರು ಇಂದಿಗೂ ಹೊಗಳುವುದು ನಿಜವಾಗಿ ನನ್ನದಲ್ಲ, ಅವರದು.

ಆಮೇಲೆ ಸ್ಟೂಲೂ ಕುರ್ಚಿಯೂ ಅದಲು ಬದಲಾದವು. ಬೀಗಿತ್ತಿ ಹಾಡಿದರು:

ಸರ್ಕಾರಿ ಬೀಗಿತ್ತಿ ಸಾರು ಮಾಡ್ಯಾಳ,
ಬ್ಯಾಳಿ ಹುಡುಕಾಕ ಅರ್ಜಿ ಬೇಡ್ಯಾಳ!
ಅರ್ಜಿ ಮ್ಯಾಲ ಸಹಿ, ಸಹಿ ಮ್ಯಾಲ ಶಿಕ್ಕಾ,
ಅನ್ನ ಬರೂದ್ರಾಗ ಬೀಗ ರಿಟೈರ ಪಕ್ಕಾ!

"ಪಕ್ಕಾ" ಎಂಬುದನ್ನು ಅವರು ಅಲ್ಲೇ ಆ ಹುಡುಗರ ಬಾಯಿಂದ ಎತ್ತಿಕೊಂಡದ್ದು. ಡ್ರಮ್ಮಿನವನ ಕೈಯಿಂದ ಕೋಲು ಜಾರಿ ಬಿತ್ತು. ಕೊನೆಯ ನುಡಿಗೆ ಬಂದಾಗ ಅವರು ಇದ್ದಕ್ಕಿದ್ದಂತೆ ಲಯವನ್ನು ಇಮ್ಮಡಿ ಮಾಡಿ, ಮಗ್ಗಿ ಹೇಳಿಸುವ ಟೀಚರಿನ ದನಿಯಲ್ಲಿ, ಉಸಿರು ಬಿಡದೆ ನಮ್ಮ ಇಡೀ ವಂಶವನ್ನು ಹಂಗಿಸಿ, ಸರಿಯಾಗಿ ಕ್ಲಿಕ್ಕಿನ ಮೇಲೆ ಬಂದು ಇಳಿದರು. ರ‍್ಯಾಪಿನವನು, "ಆಂಟಿ, ಆಗ್ ಲಗಾ ದೀ!" ಎಂದು ಕೂಗಿ ಅವರ ಕಾಲು ಮುಟ್ಟಿದ. ನಾನು ಇದನ್ನು ಬರೆಯುತ್ತಿರುವುದಕ್ಕೆ ಕಾರಣವಿದೆ. ಅವರ ಹಾಡು ಚೆನ್ನಾಗಿ ಬರಲಿಲ್ಲ ಎಂಬ ಮಾತನ್ನು ಆಮೇಲೆ ನನ್ನೆದುರು ಆಡಲಾಯಿತು. ಆಡಿದವನೇ ಆ ದಿನ ಕಾಲು ಮುಟ್ಟಿದವನು.

ಕೊನೆಗೆ ಒಂದೇ ಮೈಕಿನ ಮುಂದೆ ಇಬ್ಬರೂ ಭುಜಕ್ಕೆ ಭುಜ ತಾಗಿಸಿ ನಿಂತು ಹರಸುವ ನುಡಿ ಹಾಡಿದೆವು:

ಅಂದ ಮಾತೆಲ್ಲ ಹಾಡಿಗಿರಲಿ, ಉಂಡ ಸವಿಯೆಲ್ಲ ನಾಲಿಗೆಗಿರಲಿ,
ನಿಮ್ಮ ಮನೆಯ ದೀಪ ಬೆಳಗಲಿ, ನಮ್ಮ ಮಗಳು ಅಲ್ಲಿ ನಗಲಿ.

ಹೊರಗೆ ಬಂದಾಗ ಇಬ್ಬರ ಸೀರೆಯೂ ಬೆವರಿನಿಂದ ಮೈಗಂಟಿತ್ತು. ಬೀದಿಯ ತುದಿಯಲ್ಲಿ ಶಿಕಂಜಿ ಮಾರುವ ಭಯ್ಯಾನ ಗಾಡಿಯ ಬಳಿ ನಿಂತು ನಿಂಬೆ ಪಾನಕ ಕುಡಿಯುತ್ತ ಬೀಗಿತ್ತಿ ಹೇಳಿದರು, "ಅಲ್ರಿ, ಇಷ್ಟು ವರ್ಷ ಪಾಠ ಮಾಡಿದೆ. ಮಕ್ಕಳು ನನ್ನ ದನಿ ಕೇಳಿದ್ರ ಹೆದರತಿದ್ವು. ಇನ್ನ ಮುಂದ ಕೇಳಿದ್ರ ನಗ್ತಾವ. ಭಾರಿ ಆತು ನೋಡ್ರಿ." ಅವರು ಆ ಆಲ್ಬಮ್ಮಿನಿಂದ ಬಯಸಿದ್ದು ಅಷ್ಟೇ. ಅದರಲ್ಲಿ ಅತಿಯಾಸೆ ಏನಿತ್ತು ಎಂದು ನನಗೆ ಈವರೆಗೆ ಯಾರೂ ತೋರಿಸಿಕೊಟ್ಟಿಲ್ಲ.

ಬಿಡುಗಡೆಯ ಕಾರ್ಯಕ್ರಮ ಗುರುಗ್ರಾಮದ ಮಾಲ್ ಒಂದರ ಮೇಲಿನ ಕೆಫೆಯಲ್ಲಿ. ಬೀಗಿತ್ತಿ ಇಳಕಲ್ ಸೀರೆಯುಟ್ಟು, ಮಂಡಿನೋವಿನ ಬೀಗರನ್ನೂ ಕರೆದುಕೊಂಡು ಬಂದಿದ್ದರು. ಧಾರವಾಡದ ತಂಗಿಗೆ, ಶಾಲೆಯ ಹಳೆಯ ಟೀಚರುಗಳಿಗೆ, ಸೊಸೈಟಿಯ ಅಕ್ಕಪಕ್ಕದವರಿಗೆ, ಎಲ್ಲರಿಗೂ ಫೋನಿನಲ್ಲಿ ಆಲ್ಬಮ್ ಕೇಳಲು ಮೊದಲೇ ಹೇಳಿಟ್ಟಿದ್ದರು. ಕಾರ್ಯಕ್ರಮ ತಡವಾಗಿ ಶುರುವಾಯಿತು. ಬೀಗರಿಗೆ ಬೆನ್ನಿಲ್ಲದ ಎತ್ತರದ ಸ್ಟೂಲು ಕೊಟ್ಟರು; ಹತ್ತಿ ಕೂರಿಸಲು ಇಬ್ಬರು ಬೇಕಾದರು.

ನಮ್ಮ ಹಾಡಿನ ಸರದಿ ಬಂದಾಗ ರ‍್ಯಾಪಿನವನು ಮೈಕಿನಲ್ಲಿ ನನ್ನತ್ತ ಕೈ ತೋರಿಸಿ, ನಮ್ಮ ದಾದಿ, ಅಂದರೆ ಅಜ್ಜಿ, ಎಂದು ಪರಿಚಯಿಸಿದ. ಆಮೇಲೆ ಹೇಳಿದ ಮಾತನ್ನು ಅವನ ಶಬ್ದಗಳಲ್ಲೇ ಕೊಡುತ್ತೇನೆ: "ಈ ಟ್ರ್ಯಾಕ್ ಆಂಟಿ ಹೇಳಿದ ಹಾಗೇ, ಎಕ್ಸ್ಯಾಕ್ಟ್‌ಲಿ, ಮಾಡಿದ್ದೀವಿ." ಜನ ಚಪ್ಪಾಳೆ ತಟ್ಟಿದರು. ನಾನೂ ತಲೆಬಾಗಿ ವಂದಿಸಿದೆ.

ಹಾಡು ಶುರುವಾಯಿತು. ಡ್ರಮ್ಮು, ಎದೆಗೆ ಗುದ್ದುವ ಗಿಟಾರು, ಅದರ ಮೇಲೆ ನನ್ನ ಧ್ವನಿ. ಹೋಳಿಗೆಯ ನುಡಿ ಮುಗಿದ ಕಡೆ ಬೀಗಿತ್ತಿಯ ನಗು ಬರಲಿಲ್ಲ. ಅದನ್ನು ಒರೆಸಿ, ಅದೇ ಎಂಟು ಎಣಿಕೆಯ ಜಾಗದಲ್ಲಿ ಡ್ರಮ್ಮು ತುಂಬಿದ್ದರು. ಮುಂದಿನ ನುಡಿ, ಮತ್ತೆ ಡ್ರಮ್ಮು. ನಡುವೆ ರ‍್ಯಾಪಿನವನ ಮಾತುಗಳು, ತನ್ನ ಮನೆಮಾಲೀಕನನ್ನು ಬೈಯುವಂಥವು. ಆಮೇಲೆ ಬೀಗಿತ್ತಿಯ ಉತ್ತರ ಬರಬೇಕಾದ ಜಾಗ. ಅವರು ಸೆರಗನ್ನು ಭುಜದ ಮೇಲೆ ಸರಿಪಡಿಸಿಕೊಂಡು, ಬೀಗರ ತೋಳು ತಟ್ಟಿ, "ಈಗ ಕೇಳ್ರಿ," ಎಂದರು. ಬಂದದ್ದು ಗಿಟಾರು. ಗಿಟಾರಿನವನು ಕೂದಲು ಕೊಡವುತ್ತ, ಮುಂದಕ್ಕೆ ಬಗ್ಗಿ ಹಿಂದಕ್ಕೆ ವಾಲಿ ನುಡಿಸಿದ, ನುಡಿಸುತ್ತಲೇ ಇದ್ದ. ಅದು ನಿಂತಾಗ ಹಾಡೂ ನಿಂತಿತು. ಹರಸುವ ನುಡಿಯೂ ಇರಲಿಲ್ಲ.

ಚಪ್ಪಾಳೆ ಕಡಿಮೆಯಾಗುತ್ತಿದ್ದಾಗ ಬೀಗರು, ಕಿವಿ ಸ್ವಲ್ಪ ಮಂದ, ಎಲ್ಲರಿಗೂ ಕೇಳುವಂತೆ, "ಮುಗೀತೇನ? ನಿಂದೆಲ್ಲಿ ಬಂತು?" ಎಂದು ಹೆಂಡತಿಯನ್ನು ಕೇಳಿದರು.

"ನಂದು ಇಲ್ಲಂತ. ಏಳ್ರಿ," ಎಂದರು ಅವರು.

ಒಬ್ಬ ಹುಡುಗಿ ಫೋನ್ ಹಿಡಿದು ಓಡಿಬಂದು, "ಆಂಟಿ, ಏಳೇ ಹೋಳಿಗೆ ಮಾಡಿದ ಬೀಗಿತ್ತಿ ಯಾರು? ನಿಜವಾಗಲೂ ಅಷ್ಟು ಕಂಜೂಸಾ?" ಎಂದು ನನ್ನನ್ನು ಕೇಳಿದಳು. ಬೀಗಿತ್ತಿ ನನ್ನ ಪಕ್ಕದಲ್ಲೇ ನಿಂತಿದ್ದರು. "ನಾನವಾ," ಎಂದು ಹೇಳಿ, ಬೀಗರ ಕೈ ಹಿಡಿದು ಲಿಫ್ಟಿನ ಕಡೆ ನಡೆದರು. ಹೋಗುವ ಮುನ್ನ ನನ್ನ ಮುಖವನ್ನು ಒಮ್ಮೆ ನೋಡಿ, "ನಿಮಗ ಗೊತ್ತಿರಲಿಲ್ಲೇನ್ರಿ?" ಎಂದು ಕೇಳಿದರು. ಇಲ್ಲವೆಂದೆ. ವೇದಿಕೆಯ ಮೇಲಿನಿಂದ ಆಂಟಿ ಹೇಳಿದ ಹಾಗೇ ಎಂದು ಸಾರಿ ಇನ್ನೂ ಹತ್ತು ನಿಮಿಷ ಆಗಿರಲಿಲ್ಲ. ಆ ಹುಡುಗ ನನ್ನ ಸಹೋದ್ಯೋಗಿಯ ಮಗ. ಚಪ್ಪಾಳೆಗೆ ತಲೆಬಾಗಿದವಳು ನಾನು. ನನ್ನ "ಇಲ್ಲ" ಎಂಬುದಕ್ಕೆ ಎಷ್ಟು ತೂಕವಿರಬಹುದೆಂದು ಆಡಿದ ಕ್ಷಣವೇ ನನಗೆ ತಿಳಿಯಿತು.

"ಇರಲಿ ಬಿಡ್ರಿ," ಎಂದರು.

ಮುಂದಿನ ವಾರ ನಾನು ಜನಕಪುರಿಗೆ ಹೋದೆ. ನೆಲಮಾಳಿಗೆಯಲ್ಲಿ ಮೂವರೂ ಇದ್ದರು.

"ಆಂಟಿ, ಲೆಂಗ್ತ್ ಜಾಸ್ತಿ ಆಗ್ತಿತ್ತು," ಎಂದ ಗಿಟಾರಿನವನು.

"ನಿನ್ನ ಗಿಟಾರು ಒಂದೇ ಎಷ್ಟು ಹೊತ್ತು ಬಂತಪ್ಪ?" ಎಂದೆ.

ರ‍್ಯಾಪಿನವನು ನಡುವೆ ಬಂದ. "ಆಂಟಿ, ಇದು ಡಿಸ್ ಟ್ರ್ಯಾಕ್. ಒಬ್ಬರನ್ನ ಬಯ್ಯೋದು. ಅದರಲ್ಲಿ ಸಾಮ್ನೆವಾಲೇ ಕಾ ಜವಾಬ್ ಹಾಕಲ್ಲ. ಲಾಸ್ಟಲ್ಲಿ ಆಶೀರ್ವಾದ ಬಂದರೆ ಎಲ್ಲಾ ವೇಸ್ಟ್. ಮತ್ತೆ ಆ ಆಂಟಿದು ಅಷ್ಟು ಸ್ಟ್ರಾಂಗ್ ಬಂದಿರಲಿಲ್ಲ."

"ಬೆಂಕಿ ಹಚ್ಚಿದ್ರು ಅಂತ ಕಾಲು ಮುಟ್ಟಿದವನು ಯಾರು?"

"ಅವತ್ತಿನ ಮೂಡ್ ಬೇರೆ ಆಂಟಿ. ಯಾರೂ ಸೀರಿಯಸ್ಸಾಗಿ ತಗೊಳ್ಳಲ್ಲ."

"ತಗೊಂಡಿದ್ದಾರೆ. ನೀನು ಫೋನ್ ಮಾಡಿ, ಕತ್ತರಿಸಿದ್ದು ನೀವು, ಆಂಟಿಗೆ ಗೊತ್ತಿರಲಿಲ್ಲ ಅಂತ ಅವರಿಗೆ ಹೇಳು. ಅಷ್ಟು ಸಾಕು ನನಗೆ."

"ಪಕ್ಕಾ ಆಂಟಿ." ಬೀಗಿತ್ತಿಯ ಹಾಡನ್ನು ಅಳಿಸಿಲ್ಲ, ಕಂಪ್ಯೂಟರಿನಲ್ಲಿ ಭದ್ರವಾಗಿದೆ, ಬೇರೆಯಾಗಿಯೇ ಹೊರತರುತ್ತೇವೆ ಎಂದೂ ಹೇಳಿದ. ಡ್ರಮ್ಮಿನವನು ನನ್ನನ್ನು ಬಾಗಿಲವರೆಗೆ ಬಿಡಲು ಬಂದು, ಏನೋ ಹೇಳಲು ಬಾಯಿ ತೆರೆದು, ಹೇಳದೆ ಒಳಗೆ ಹೋದ. ಹೇಳದೇ ಇದ್ದದ್ದನ್ನೂ ನಾನು ಅವನ ಲೆಕ್ಕಕ್ಕೆ ಹಿಡಿದಿದ್ದೇನೆ.

ಫೋನ್ ಮಾಡಲಿಲ್ಲ. ಬೀಗಿತ್ತಿಗೆ ಒಂದು ಸಂದೇಶ ಕಳಿಸಿದರು. "ಸಾರಿ ಆಂಟಿ, ನೆಕ್ಸ್ಟ್ ಟೈಮ್ ಪಕ್ಕಾ," ಎಂದಿಷ್ಟು, ಜೊತೆಗೆ ಕೈಮುಗಿದ ಚಿತ್ರ, ಒಂದು ಹೃದಯ. ಮಗಳು ಅದನ್ನು ನನಗೆ ಓದಿ ಹೇಳಿದಳು. ಯಾರು ಕತ್ತರಿಸಿದರು, ಯಾರ ಮಾತಿನ ಮೇಲೆ ಕತ್ತರಿಸಿದರು, ಒಂದೂ ಇಲ್ಲದ ಕ್ಷಮೆ. "ಅಮ್ಮಾ, ಅತ್ತೆ ಏನು ಅಂದ್ಕೊಂಡಿದ್ದಾರೆ ಗೊತ್ತಾ? ನಿನ್ನ ಪರವಾಗಿ ಆ ಹುಡುಗರು ಸಾರಿ ಕೇಳಿದ್ದಾರೆ ಅಂತ," ಎಂದಳು. ಸಂಗತಿಯನ್ನು ಸರಿಪಡಿಸಲು ಹೇಳಿದರೆ ಇವರು ಬೀಗಿತ್ತಿಯ ಸಂಶಯಕ್ಕೆ ಮೊಹರು ಒತ್ತಿದ್ದರು.

ಹಾಡು ಹರಡಿತು. ಇಲ್ಲಿಯ ಕನ್ನಡದವರ ಮನೆಗಳಲ್ಲಿ ಹೋಳಿಗೆ ಬಡಿಸುವಾಗಲೆಲ್ಲ "ಏಳೇನಾ?" ಎಂದು ಕೇಳುವುದು ತಮಾಷೆಯಾಯಿತು. ಬೀಗಿತ್ತಿಯ ಹಳೆಯ ಶಾಲೆಯ ಒಬ್ಬ ಟೀಚರು ಅವರಿಗೇ ಫೋನ್ ಮಾಡಿ ಆ ನುಡಿಯನ್ನು ಹಾಡಿ ತೋರಿಸಿದರಂತೆ. ಆಲ್ಬಮ್ಮಿನ ವಿವರಗಳಿರುವಲ್ಲಿ ನನ್ನ ಧ್ವನಿಯನ್ನು "ಹಳ್ಳಿಯ ಅಜ್ಜಿಯ ಜಾನಪದ ಸ್ಯಾಂಪಲ್" ಎಂದು ಹಾಕಿದ್ದಾರೆ. ನಾನು ಹಳ್ಳಿಯವಳಲ್ಲ, ಆಗಿನ್ನೂ ಅಜ್ಜಿಯೂ ಆಗಿರಲಿಲ್ಲ. ಆದರೆ ಅದು ನನ್ನೊಬ್ಬಳಿಗಾದ ಅವಮಾನ. ಅದನ್ನು ಬೇರೆಯಾಗಿಯೇ ಇಟ್ಟುಕೊಂಡಿದ್ದೇನೆ.

ಅಜ್ಜಿಯಾದದ್ದು ಅದರ ಮರುವರ್ಷ. ಮೊಮ್ಮಗಳ ನಾಮಕರಣ ಇಂದಿರಾಪುರಂನಲ್ಲಿ ನಡೆಯಿತು. ಬೀಗಿತ್ತಿ ಬಾಗಿಲಲ್ಲೇ ಕುಂಕುಮ ಕೊಟ್ಟು, "ಬರ್ರಿ, ಒಳಗ ಬರ್ರಿ, ಪ್ರಯಾಣ ಆರಾಮ ಆತೇನ್ರಿ?" ಎಂದು ಕೇಳಿದರು. ನನಗೆ ಮೊದಲು ಬಡಿಸಿದರು. ಸಾರಿನ ಬಗ್ಗೆ ಒಂದು ಮಾತಿಲ್ಲ, ಬೇಳೆಯ ಬಗ್ಗೆ ಒಂದು ಮಾತಿಲ್ಲ. ಹೋಳಿಗೆ ಮಾಡಿರಲಿಲ್ಲ, ಅಂಗಡಿಯಿಂದ ತರಿಸಿದ ಗುಲಾಬ್ ಜಾಮೂನಿತ್ತು. ತೊಟ್ಟಿಲಿಗೆ ಹಾಕಿದ ಮೇಲೆ ಬಂದ ಹೆಂಗಸರು ಹಾಡಿಗೆ ಒತ್ತಾಯ ಮಾಡಿದರು. ಬೀಗಿತ್ತಿ ನಕ್ಕು, "ನಮ್ಮ ಬೀಗಿತ್ತಿಯವರು ಹಾಡ್ತಾರ. ಅವರ ಹಾಡು ಊರಿಗೆಲ್ಲ ಗೊತ್ತದ. ನನಗ ಅವೆಲ್ಲ ಬರೂದಿಲ್ಲ," ಎಂದರು.

ನನಗೆ ಅವೆಲ್ಲ ಬರೂದಿಲ್ಲ ಎಂದದ್ದು ಯಾರು? ಮದುವೆಮನೆಯಲ್ಲಿ ನಿಂತ ಕಾಲಲ್ಲಿ ನುಡಿ ಕಟ್ಟಿದವರು. ಎಲ್ಲರೂ ನನ್ನ ಕಡೆ ನೋಡುತ್ತಿದ್ದರು. ಉತ್ತರ ಬರುವುದಿಲ್ಲವೆಂದು ಗೊತ್ತಿದ್ದ ಮೇಲೆ ನಾನು ಯಾರನ್ನು ಹಂಗಿಸಲಿ? ಗಂಟಲು ಸರಿಯಿಲ್ಲವೆಂದು ಹೇಳಿ ಒಂದು ದೇವರ ನಾಮ ಹಾಡಿ ಮುಗಿಸಿದೆ. ಮಗಳು ಅಡುಗೆಮನೆಗೆ ಹೋಗಿ ಬಹಳ ಹೊತ್ತು ಹೊರಗೆ ಬರಲಿಲ್ಲ. ಅಂದು ಮರಳುವಾಗ ಮೆಟ್ರೋದಲ್ಲಿ ನನ್ನ ಯಜಮಾನರು ಪತ್ರಿಕೆ ತೆರೆಯಲಿಲ್ಲ. "ಆ ಹುಡುಗರಿಗೆ ಒಂದು ಮಾತು ಹೇಳೋದು ಅಷ್ಟು ಕಷ್ಟವಾ?" ಎಂದು ಒಮ್ಮೆ ಕೇಳಿದರು. ಸಣ್ಣ ವಿಷಯ ಎಂದು ಆ ದಿನ ಹೇಳಲಿಲ್ಲ.

ನಾನು ಬೀಗಿತ್ತಿಗೆ ಹೇಳದೆ ಬಿಟ್ಟಿಲ್ಲ. ಎದುರಿಗೆ ಕೂತು ಹೇಳಿದ್ದೇನೆ, ಫೋನಿನಲ್ಲಿ ಹೇಳಿದ್ದೇನೆ, ಮಗಳ ಮೂಲಕ ಹೇಳಿಸಿದ್ದೇನೆ. ಪ್ರತಿ ಬಾರಿಯೂ, "ಅಯ್ಯ, ಅದನ್ನ ಇನ್ನೂ ಹಿಡಕೊಂಡು ಕೂತೀರೇನ್ರಿ? ಬಿಡ್ರಿ," ಎನ್ನುತ್ತಾರೆ. ನಂಬಿದವರು ಹಾಗೆ ಹೇಳುವುದಿಲ್ಲ. ನಂಬಿದ್ದರೆ ಬೈಯುತ್ತಿದ್ದರು. ಮಾಡಿದವರೇ ಬಂದು ಒಪ್ಪಿಕೊಳ್ಳುವವರೆಗೆ ನನ್ನ ಮಾತು ಆರೋಪಿಯ ಹೇಳಿಕೆಯಷ್ಟೇ. ಅವರ ಜಾಗದಲ್ಲಿ ನಾನಿದ್ದರೆ ನಾನೂ ಅದಕ್ಕೆ ಅಷ್ಟೇ ಬೆಲೆ ಕೊಡುತ್ತಿದ್ದೆ.

ಈ ವರ್ಷ ಆ ಆಲ್ಬಮ್ಮನ್ನು ಹೊಸದಾಗಿ ತಿದ್ದಿ ಮತ್ತೆ ಬಿಡುಗಡೆ ಮಾಡಿದ್ದಾರೆ. ಮಗಳ ಫೋನಿನಲ್ಲಿ ನಾನು ಅದನ್ನು ಮೊದಲಿನಿಂದ ಕೊನೆಯವರೆಗೆ ಕೇಳಿದೆ. ಡ್ರಮ್ಮಿನ ಸದ್ದು ಸ್ಪಷ್ಟವಾಗಿದೆ. ಟ್ಯಾಂಕರಿನ ಹಾಡಿಗೆ ಒಂದು ಹೊಸ ಮುನ್ನುಡಿ ಸೇರಿದೆ. ನಮ್ಮ ಹಾಡಿನಲ್ಲಿ ಗಿಟಾರಿನ ಭಾಗ ಮೊದಲಿಗಿಂತ ಉದ್ದವಾಗಿದೆ. ಉತ್ತರ ಇಲ್ಲ. ಬಿಡುಗಡೆಯ ಸಲುವಾಗಿ ಕೊಟ್ಟ ಸಂದರ್ಶನದಲ್ಲಿ ರ‍್ಯಾಪಿನವನು, ಈಗ ಕನ್ನಡ ಎಷ್ಟೋ ಸುಧಾರಿಸಿಕೊಂಡವನು, ಹಿರಿಯರ ಪರಂಪರೆಗೆ ತಾವು ಧ್ವನಿ ಕೊಟ್ಟೆವೆಂದು ಹೇಳಿಕೊಂಡಿದ್ದಾನೆ.

ಆದ್ದರಿಂದ ಮೂವರಿಗೂ ಸೇರಿಸಿ ಕೇಳುತ್ತಿದ್ದೇನೆ. ನನಗೆ ಹೊಸ ಹಾಡು ಬೇಡ, ನನ್ನ ಹೆಸರು ಬೇಡ, ಕೈಮುಗಿದ ಚಿತ್ರವಂತೂ ಬೇಡವೇ ಬೇಡ. ನನ್ನ ಬೀಗಿತ್ತಿ ಇಂದಿರಾಪುರಂನ ಅದೇ ಮನೆಯಲ್ಲಿದ್ದಾರೆ, ಸಂಜೆ ಹೊತ್ತು ಮನೆ ಬಿಟ್ಟು ಎಲ್ಲೂ ಹೋಗುವುದಿಲ್ಲ, ಬಂದವರಿಗೆ ಚಹಾ ಕೊಡದೆ ಕಳಿಸುವುದಿಲ್ಲ. ಅವರ ಎದುರಿಗೆ ಕೂತು, ಅವರ ಮುಖ ನೋಡಿಕೊಂಡು, "ಆಂಟಿ, ನಿಮ್ಮ ಉತ್ತರವನ್ನು ಕತ್ತರಿಸಿದವರು ನಾವು, ನಿಮ್ಮ ಬೀಗಿತ್ತಿ ಹೇಳಿದ ಹಾಗೆ ಮಾಡಿದೆವೆಂದು ವೇದಿಕೆಯಲ್ಲಿ ಹೇಳಿದ್ದು ಸುಳ್ಳು," ಎನ್ನಲು ನಿಮ್ಮ ಮೂವರಲ್ಲಿ ಹೋಗುವವರು ಯಾರು?